ಹೊರಗಿನ ಬೆಂಚು

ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ನೋಡಿ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕಿಗೆ ಬರುವ ದಿನ ಅದು. ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಬೆಂಚು, ಅದರ ಮೇಲೆ ಹತ್ತು ಹನ್ನೆರಡು ಜನ. ಅವರಲ್ಲಿ ಅರ್ಧದಷ್ಟು ಮಂದಿ ರೋಗಿಗಳಲ್ಲ, ರೋಗಿಯನ್ನು ಕರೆದುಕೊಂಡು ಬಂದವರು. ತಾಯಿ, ಹೆಂಡತಿ, ಕೂಲಿ ಬಿಟ್ಟು ಬಂದ ತಮ್ಮ. ಎಲ್ಲರ ಕೈಯಲ್ಲೂ ಹಳೆಯ ಚೀಟಿಗಳನ್ನು ತುಂಬಿಸಿಕೊಂಡ ಪ್ಲಾಸ್ಟಿಕ್ ಕವರು. ಒಬ್ಬರು ಇನ್ನೊಬ್ಬರನ್ನು ‘ಯಾವೂರು?’ ಎಂದು ಕೇಳುತ್ತಾರೆ, ಬಸ್ಸಿನ ಮಾತಾಡುತ್ತಾರೆ, ಮಳೆಯ ಮಾತಾಡುತ್ತಾರೆ. ‘ಏನಾಗಿದೆ?’ ಎಂಬಲ್ಲಿಗೆ ಬಂದಾಗ ಉತ್ತರ ಒಂದೇ: ‘ಸ್ವಲ್ಪ ನರದ ವೀಕ್‌ನೆಸ್ಸು.’ ಅಲ್ಲಿಗೆ ಮಾತು ನಿಲ್ಲುತ್ತದೆ.

ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು, ಅದು ನರದ ವೀಕ್‌ನೆಸ್ಸಲ್ಲ ಎಂದು. ಒಂದೇ ಕಷ್ಟದ ಹನ್ನೆರಡು ಜನ ಮೊಣಕೈಗೆ ಮೊಣಕೈ ತಗಲುವಷ್ಟು ಹತ್ತಿರ ಕೂತು, ಒಬ್ಬರಿಗೊಬ್ಬರು ಏನೂ ಹೇಳಿಕೊಳ್ಳದೆ ಎದ್ದು ಹೋಗುತ್ತಾರೆ. ನನ್ನ ದೊಡ್ಡಮ್ಮ ಇಂಥ ಬೆಂಚಿನ ಮೇಲೆ ಹನ್ನೊಂದು ವರ್ಷ ಕೂತಿದ್ದರು.

ದೊಡ್ಡಮ್ಮನ ಮಗ, ನಮಗೆಲ್ಲ ಅಣ್ಣ, ಡಿಗ್ರಿ ಎರಡನೇ ವರ್ಷದಲ್ಲಿ ಓದು ನಿಲ್ಲಿಸಿದ. ಮೊದಲು ರಾತ್ರಿ ನಿದ್ದೆ ಹೋಯಿತು. ಆಮೇಲೆ ಗೋಡೆಯಾಚೆ ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎನ್ನತೊಡಗಿದ. ದೇವಸ್ಥಾನ, ತಾಯತ, ನಿಂಬೆಹಣ್ಣು ಎಲ್ಲ ಮುಗಿದ ಮೇಲೆ ಒಬ್ಬ ವೈದ್ಯರ ಬಳಿ ಹೋದದ್ದು. ಅವರು ಸ್ಕಿಜೋಫ್ರೀನಿಯಾ ಎಂದು ಬರೆದರು, ಮಾತ್ರೆ ಕೊಟ್ಟರು, ಅದು ಸರಿಯಾದ ಮಾತ್ರೆಯೇ ಆಗಿತ್ತು. ಹೊರಡುವಾಗ ದೊಡ್ಡಮ್ಮನಿಗೆ ಒಂದು ಮಾತನ್ನೂ ಹೇಳಿದರು: ‘ನೀವೇ ಮುದ್ದು ಮಾಡಿ ಹಾಳು ಮಾಡಿದ್ದೀರಿ.’ ಅಣ್ಣನಿಗೆ ಕೇಳಿಸುತ್ತಿದ್ದ ದನಿಗಳು ಒಂದೂವರೆ ತಿಂಗಳಲ್ಲಿ ಕಡಿಮೆಯಾದವು. ದೊಡ್ಡಮ್ಮನಿಗೆ ಆ ಒಂದು ದನಿ ಹನ್ನೊಂದು ವರ್ಷ ಕೇಳಿಸುತ್ತಲೇ ಇತ್ತು.

ಆ ವೈದ್ಯರೊಬ್ಬರನ್ನೇ ದೂರುವಂತಿಲ್ಲ. ವೈದ್ಯಶಾಸ್ತ್ರವೇ ಒಂದು ಕಾಲಕ್ಕೆ ಹಾಗೆ ನಂಬಿತ್ತು. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ದೊಡ್ಡ ಮನೋವೈದ್ಯೆ, ತಾಯಿಯ ನಡವಳಿಕೆಯಿಂದಲೇ ಮಗುವಿಗೆ ಸ್ಕಿಜೋಫ್ರೀನಿಯಾ ಬರಬಹುದು ಎಂಬರ್ಥದ ಮಾತು ಬರೆದರು. ಅದು ಪಾಶ್ಚಾತ್ಯ ಜಗತ್ತಿನ ಆಸ್ಪತ್ರೆಗಳಲ್ಲಿ ಎರಡು ಮೂರು ದಶಕ ಓಡಾಡಿತು. ಮನೆಯವರನ್ನು ವಾರ್ಡಿನಿಂದ ದೂರವಿಡುವುದೇ ಚಿಕಿತ್ಸೆಯ ಭಾಗ ಎನಿಸಿಕೊಂಡಿತು. ಈ ಕಾಯಿಲೆ ಸಾಕಣೆಯ ತಪ್ಪಿನಿಂದ ಬರುವುದಿಲ್ಲ, ಅನುವಂಶೀಯತೆ ಮತ್ತು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂಬುದು ಈಗ ಸ್ಪಷ್ಟ. ಆದರೂ ಊರಿನ ಬಾಯಲ್ಲಿ ಹಳೆಯ ತೀರ್ಪು ಇನ್ನೂ ಉಳಿದಿದೆ.

ಹಾಗಾದರೆ ಮನೆಗೂ ಕಾಯಿಲೆಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಬೇರೆ ಬಗೆಯಲ್ಲಿ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ 1950ರ ದಶಕದಲ್ಲಿ ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದ ಗಂಡಸರನ್ನು ಹಿಂಬಾಲಿಸಿ ನೋಡಿದರು. ತಂದೆತಾಯಿಯ ಅಥವಾ ಹೆಂಡತಿಯ ಜೊತೆ ಇರಲು ಹೋದವರಿಗಿಂತ, ಬಾಡಿಗೆ ಕೋಣೆಗೋ ಅಣ್ಣತಮ್ಮಂದಿರ ಮನೆಗೋ ಹೋದವರು ಚೆನ್ನಾಗಿದ್ದರು. ಯಾಕೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮನೆಯ ಮಾತಿನ ಧಾಟಿ. ಹೆಜ್ಜೆಹೆಜ್ಜೆಗೂ ಟೀಕೆ, ಅಸಹನೆ, ಇಲ್ಲವೇ ಉಸಿರಾಡಲು ಬಿಡದ ಅತಿ ಕಾಳಜಿ ಇದ್ದ ಮನೆಗಳಲ್ಲಿ ಕಾಯಿಲೆ ಹೆಚ್ಚು ಸಲ ಮರುಕಳಿಸುತ್ತಿತ್ತು. ಮುಂದೆ 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಇನ್ನೊಂದು ಲೆಕ್ಕವನ್ನೂ ದೃಢಪಡಿಸಿದರು. ಅಂಥ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಕ್ಕೆ ಮುಖ ಕೊಟ್ಟು ಕೂತರೆ ಅಪಾಯ ಇನ್ನೂ ಹೆಚ್ಚು.

ಇದನ್ನು ಓದಿ ಮತ್ತೆ ‘ನೋಡಿ, ಮನೆಯವರದೇ ತಪ್ಪು’ ಎನ್ನುವವರಿದ್ದಾರೆ. ಸ್ವಲ್ಪ ನಿಧಾನಿಸಿ. ಆ ಟೀಕೆಗಳು ಯಾವುದರ ಬಗ್ಗೆ ಎಂದು ಬಿಡಿಸಿ ನೋಡಿದಾಗ, ಹೆಚ್ಚಿನವು ದನಿ ಕೇಳಿಸುವುದರ ಬಗ್ಗೆಯೋ ಭ್ರಮೆಯ ಬಗ್ಗೆಯೋ ಆಗಿರಲಿಲ್ಲ. ಹತ್ತು ಗಂಟೆಯಾದರೂ ಏಳುವುದಿಲ್ಲ, ಸ್ನಾನ ಮಾಡುವುದಿಲ್ಲ, ಯಾರಾದರೂ ಬಂದರೆ ಒಳಗೆ ಹೋಗಿಬಿಡುತ್ತಾನೆ, ಇಂಥವುಗಳ ಬಗ್ಗೆ. ಉತ್ಸಾಹ ಬತ್ತಿಹೋಗುವುದು ಕಾಯಿಲೆಯ ಲಕ್ಷಣ ಎಂದು ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಅವರ ಕಣ್ಣಿಗೆ ಅದು ಸೋಮಾರಿತನ. ದೊಡ್ಡಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಹೂ ಕಟ್ಟಿ ಮಾರಿ ಬಂದರೂ ಅಣ್ಣ ಚಾಪೆಯಲ್ಲೇ ಇರುತ್ತಿದ್ದ. ಅವನ ಹೊದಿಕೆ ಎಳೆದು ದಿನವೂ ಒಂದೇ ಮಾತು: ‘ನಿನ್ನ ವಯಸ್ಸಿನವರೆಲ್ಲ ಸಂಬಳ ತರ್ತಾ ಇದಾರೆ.’ ಆಮೇಲೆ ಅಡುಗೆಮನೆಗೆ ಹೋಗಿ ಅಳುವುದು. ಬೈದವರೂ ಅವರೇ, ಬೈದದ್ದಕ್ಕೆ ನೊಂದವರೂ ಅವರೇ.

ಲೆಫ್ ಅವರೇ ಚಂಡೀಗಢದ ಎನ್.ಎನ್. ವಿಗ್ ಮೊದಲಾದವರ ಜೊತೆ ಸೇರಿ ನಮ್ಮಲ್ಲಿಯೂ ಈ ಅಳತೆಯನ್ನು ಇಟ್ಟು ನೋಡಿದರು. 1987ರಲ್ಲಿ ಪ್ರಕಟವಾದ ಆ ಅಧ್ಯಯನಗಳಲ್ಲಿ ಚಂಡೀಗಢ ಸುತ್ತಿನ ಮನೆಗಳಲ್ಲಿ ಟೀಕೆ, ಅಸಹನೆ ಲಂಡನ್ನಿಗಿಂತ ಬಹಳ ಕಡಿಮೆ ಕಂಡಿತು, ಹಳ್ಳಿಮನೆಗಳಲ್ಲಿ ಇನ್ನೂ ಕಡಿಮೆ. ಇದರಿಂದ ನಮ್ಮ ಸಂಸ್ಕೃತಿಯೇ ಮೇಲು ಎಂದು ಹೊರಟುಬಿಡುವುದು ಬೇಡ. ನನಗೆ ಅನಿಸುವುದು ಇಷ್ಟು: ಹತ್ತು ಜನರಿರುವ ಮನೆಯಲ್ಲಿ ಒಬ್ಬರ ಮೇಲೆ ಬೀಳುವ ಭಾರ ಹಂಚಿಹೋಗುತ್ತದೆ. ತಾಯಿಗೆ ಸಿಟ್ಟು ಬಂದಾಗ ಅತ್ತೆ ಊಟ ಬಡಿಸುತ್ತಾಳೆ, ಅತ್ತೆ ಸುಸ್ತಾದಾಗ ಮೈದುನ ಹೊರಗೆ ಕರೆದೊಯ್ಯುತ್ತಾನೆ. ಆ ಮನೆಗಳು ಈಗ ಎಲ್ಲಿವೆ? ದೊಡ್ಡಮ್ಮನದು ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿದ್ದದ್ದು ವಿಧವೆ ತಾಯಿ, ಕಾಯಿಲೆಯ ಮಗ, ಮದುವೆಗೆ ಬಂದ ಮಗಳು. ವಾರಕ್ಕೆ 35 ಗಂಟೆಯಲ್ಲ, ನೂರು ಗಂಟೆ ಮುಖಾಮುಖಿ.

ನೆಂಟರ ಹತ್ತಿರ ಹೇಳಿಕೊಳ್ಳಬಹುದಿತ್ತಲ್ಲ ಎಂದರೆ, ಆಗುವುದಿಲ್ಲ. ನೆಂಟರಿಗೆ ಹೇಳಿದ ಮಾತು ತಂಗಿಯ ಮದುವೆ ಮಾತುಕತೆಯಲ್ಲಿ ತಿರುಗಿ ಬರುತ್ತದೆ. ‘ಆ ಮನೇಲಿ ಹಾಗಂತೆ’ ಎಂಬ ಒಂದು ಸಾಲಿಗೆ ಎರಡು ಸಂಬಂಧ ಮುರಿದದ್ದನ್ನು ನಾನೇ ಕಂಡಿದ್ದೇನೆ. ಇನ್ನು ಕೆಲವು ನೆಂಟರು ‘ಒಂದು ಮದುವೆ ಮಾಡಿ, ಸರಿಹೋಗ್ತಾನೆ’ ಎನ್ನುತ್ತಿದ್ದರು. ಕಷ್ಟ ಹೇಳಿಕೊಳ್ಳಲು ಬೇಕಾದವರು ಹತ್ತಿರದವರಲ್ಲ. ಅದೇ ಕಷ್ಟ ಇರುವ, ನಮ್ಮ ಮನೆಯ ಮದುವೆಗೆ ಬರಬೇಕಿಲ್ಲದ, ದೂರದವರು.

ದೊಡ್ಡಮ್ಮನಿಗೆ ಅಂಥವರು ಸಿಕ್ಕಿದ್ದು ಹನ್ನೆರಡನೇ ವರ್ಷದಲ್ಲಿ. ಜಿಲ್ಲಾ ಕೇಂದ್ರದ ಒಂದು ಶಾಲೆಯ ಕೋಣೆಯಲ್ಲಿ ತಿಂಗಳಿಗೊಂದು ಶನಿವಾರ ಎಂಟು ಮನೆಯವರು ಸೇರುತ್ತಿದ್ದರು. ಒಬ್ಬ ಸಮಾಜ ಕಾರ್ಯಕರ್ತೆ, ಒಬ್ಬ ನಿವೃತ್ತ ನರ್ಸು ಜೊತೆಗಿರುತ್ತಿದ್ದರು. ಮೊದಲ ಸಲ ಕರೆದುಕೊಂಡು ಹೋದವನು ನಾನು. ಬಾಗಿಲಲ್ಲಿ ನಿಂತು ‘ನನಗೇನು ಹುಚ್ಚಾ?’ ಎಂದು ದೊಡ್ಡಮ್ಮ ಸಿಡಿಮಿಡಿಗೊಂಡರು. ಒಳಗೆ ಒಂದು ಗಂಟೆ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಮುಸ್ಲಿಂ ತಾಯಿ ತನ್ನ ಮಗಳ ಬಗ್ಗೆ ಹೇಳುತ್ತಾ, ಕ್ಲೋಜಪಿನ್ ಶುರುವಾದ ಮೇಲೆ ರಾತ್ರಿ ಜೊಲ್ಲು ಸುರಿದು ದಿಂಬೆಲ್ಲ ಒದ್ದೆಯಾಗುತ್ತದೆ, ಅದಕ್ಕೆ ದಿಂಬಿನ ಮೇಲೆ ದಪ್ಪ ಟವಲ್ ಹಾಸಿ ಬೆಳಿಗ್ಗೆ ಒಗೆದುಹಾಕುತ್ತೇನೆ ಎಂದರು. ದೊಡ್ಡಮ್ಮ ತಲೆ ಎತ್ತಿ, ‘ನಮ್ಮನೇಲೂ ಹಾಗೇ’ ಎಂದರು.

ಆ ಎರಡು ಪದದಲ್ಲಿ ಏನಾಯಿತು ಎಂಬುದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಿದೆ. ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಮ್ ಗುಂಪು ಚಿಕಿತ್ಸೆಯ ಕುರಿತು 1970ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಈ ವಿಷಯದ ಮೂಲಪಾಠ. ಗುಂಪು ಮನುಷ್ಯನನ್ನು ಹೇಗೆ ಗುಣಪಡಿಸುತ್ತದೆ ಎಂದು ಅವರು ಗುರುತಿಸಿದ ಕಾರಣಗಳಲ್ಲಿ ಒಂದು, ‘ಇದು ನನಗೊಬ್ಬನಿಗೇ ಅಲ್ಲ’ ಎಂಬ ಅರಿವು. ಇನ್ನೊಂದು, ತನ್ನಿಂದ ಇನ್ನೊಬ್ಬರಿಗೆ ಉಪಯೋಗವಾಯಿತು ಎಂಬ ಸಮಾಧಾನ. ಎರಡನೆಯದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಹನ್ನೊಂದು ವರ್ಷ ಎಲ್ಲರಿಂದಲೂ ಬುದ್ಧಿವಾದ ಕೇಳಿಸಿಕೊಂಡ ಹೆಂಗಸಿಗೆ, ತನ್ನ ಹತ್ತಿರವೂ ಇನ್ನೊಬ್ಬರಿಗೆ ಕೊಡುವಂಥದ್ದೊಂದು ಇದೆ ಎಂದು ಗೊತ್ತಾಗುವುದು ಸಣ್ಣ ಸಂಗತಿಯಲ್ಲ. ನಾಲ್ಕನೇ ತಿಂಗಳಿಗೆ ದೊಡ್ಡಮ್ಮ ಹೊಸಬರಿಗೆ ಮಾತ್ರೆಯ ಡಬ್ಬಿ ತೋರಿಸಿ, ವಾರದ ಏಳು ಖಾನೆ ತುಂಬಿಸುವುದು ಹೇಗೆಂದು ಹೇಳಿಕೊಡುತ್ತಿದ್ದರು.

ಇಲ್ಲಿ ಎರಡು ಬಗೆಯ ಕೂಟಗಳನ್ನು ಬೇರೆ ಮಾಡಿ ಹೇಳಬೇಕು. ಗುಂಪು ಚಿಕಿತ್ಸೆ ಎಂದರೆ ತರಬೇತಿ ಪಡೆದವರು ನಡೆಸುವ, ಉದ್ದೇಶ ಮತ್ತು ಅವಧಿ ಗೊತ್ತಿರುವ ಕೂಟ. ಬೆಂಬಲ ಗುಂಪು ಎಂದರೆ ಅನುಭವಸ್ಥರೇ ನಡೆಸಿಕೊಳ್ಳುವುದು, ಅಲ್ಲಿ ಡಾಕ್ಟರಿಲ್ಲದಿದ್ದರೂ ನಡೆಯುತ್ತದೆ. ನಿಜ ಬದುಕಿನಲ್ಲಿ ಇವೆರಡರ ನಡುವಿನ ಗೆರೆ ಅಷ್ಟು ಖಚಿತವಲ್ಲ. ದೊಡ್ಡಮ್ಮ ಹೋಗುತ್ತಿದ್ದದ್ದು ಎರಡರ ನಡುವಿನದು.

ಮೊದಲ ಬಗೆಯದರಲ್ಲಿ ಅತ್ಯಂತ ಚೆನ್ನಾಗಿ ಪರೀಕ್ಷೆಗೊಳಗಾದದ್ದು ಅಮೆರಿಕದ ವಿಲಿಯಂ ಮೆಕ್‌ಫಾರ್ಲೇನ್ ರೂಪಿಸಿದ ಬಹುಕುಟುಂಬ ಗುಂಪು. ಐದರಿಂದ ಎಂಟು ಮನೆಯವರು, ರೋಗಿಗಳೂ ಸೇರಿ, ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ ಕೂರುತ್ತಾರೆ. ಇಬ್ಬರು ನಡೆಸಿಕೊಡುತ್ತಾರೆ. ಮೊದಲ ಕಾಲು ಗಂಟೆ ಕಾಯಿಲೆಯ ಮಾತೇ ಇಲ್ಲ. ಸಿನಿಮಾ, ಅಡುಗೆ, ಊರಿನ ಸುದ್ದಿ. ಕಾಯಿಲೆ ಬಂದ ಮೇಲೆ ಆ ಮನೆಗಳಲ್ಲಿ ಸತ್ತುಹೋಗಿರುವುದು ಇಂಥ ಸಾದಾ ಮಾತೇ ಆದ್ದರಿಂದ ಅದನ್ನೇ ಮೊದಲು ಎಬ್ಬಿಸುತ್ತಾರೆ. ನಂತರ ಒಂದು ಸುತ್ತು, ಯಾರ ಮನೆಯಲ್ಲಿ ಏನು ನಡೆದಿದೆ ಎಂದು. ಅದರಲ್ಲಿ ಒಂದೇ ಒಂದು ಸಮಸ್ಯೆ ಆರಿಸಿಕೊಳ್ಳುತ್ತಾರೆ. ‘ಅವನು ಸರಿಹೋಗಬೇಕು’ ಎಂಬ ದೊಡ್ಡದಲ್ಲ, ‘ಬೆಳಿಗ್ಗೆ ಮಾತ್ರೆ ನುಂಗಿಸುವಾಗ ಜಗಳವಾಗುತ್ತದೆ’ ಎಂಬಷ್ಟು ಚಿಕ್ಕದು. ಎಲ್ಲರೂ ದಾರಿ ಹೇಳುತ್ತಾರೆ, ಯಾವುದನ್ನೂ ತಳ್ಳಿಹಾಕದೆ ಬರೆದುಕೊಳ್ಳುತ್ತಾರೆ. ಪ್ರತಿಯೊಂದರ ಸಾಧಕ ಬಾಧಕ ನೋಡುತ್ತಾರೆ. ಆಯ್ಕೆ ಮಾತ್ರ ಆ ಮನೆಯವರದು. ಮುಂದಿನ ಸಲ ಏನಾಯಿತು ಎಂದು ಕೇಳುತ್ತಾರೆ.

1995ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಆರು ಸಾರ್ವಜನಿಕ ಆಸ್ಪತ್ರೆಗಳ 172 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಔಷಧಿ ಎಲ್ಲರಿಗೂ ಇತ್ತು, ಕಾಯಿಲೆಯ ತಿಳಿವಳಿಕೆಯನ್ನೂ ಎಲ್ಲ ಮನೆಯವರಿಗೆ ಕೊಟ್ಟಿದ್ದರು. ಕೆಲವು ಮನೆಯವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೊಟ್ಟರು, ಕೆಲವರನ್ನು ಗುಂಪಾಗಿ. ಎರಡು ವರ್ಷದಲ್ಲಿ ಒಂಟಿ ಮನೆಗಳಲ್ಲಿ ನೂರಕ್ಕೆ 27ರಷ್ಟು ರೋಗಿಗಳಿಗೆ ಕಾಯಿಲೆ ಮರುಕಳಿಸಿತು, ಗುಂಪಿನಲ್ಲಿ ಕೂತ ಮನೆಗಳಲ್ಲಿ 16ರಷ್ಟು. ಪರಿಣತರೇ ಒಂದೊಂದು ಮನೆಗೆ ಪ್ರತ್ಯೇಕವಾಗಿ ಕೊಟ್ಟ ಸಮಯಕ್ಕಿಂತ, ಬೇರೆ ಮನೆಗಳ ಜೊತೆ ಹಂಚಿಕೊಂಡ ಸಮಯ ಹೆಚ್ಚು ಫಲ ಕೊಟ್ಟಿತು. ಅಂದರೆ ಗುಂಪು ಎಂಬುದು ದುಡ್ಡಿಲ್ಲದವರಿಗೆ ಕೊಡುವ ಎರಡನೇ ದರ್ಜೆಯ ಚಿಕಿತ್ಸೆಯಲ್ಲ. ಈ ಲೇಖನದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವಿರಾದರೆ ಅದು ಇದಾಗಿರಲಿ.

ಹಾಗೆ ನೋಡಿದರೆ ಈ ಪದ್ಧತಿ ಹುಟ್ಟಿದ್ದೇ ಕೊರತೆಯಿಂದ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್, ಆರೋಗ್ಯಧಾಮಕ್ಕೆ ಹೋಗಲು ಕಾಸಿಲ್ಲದ ಕ್ಷಯ ರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಪಾಠ ಹೇಳತೊಡಗಿದರು. ಪಾಠಕ್ಕಿಂತ ಪಕ್ಕದವನ ತೂಕ ಹೆಚ್ಚಾದದ್ದು ಕೇಳಿ ಬರುವ ಧೈರ್ಯವೇ ಅವರನ್ನು ಎತ್ತಿತು. ಗುಂಪು ಚಿಕಿತ್ಸೆಯ ಇತಿಹಾಸ ಶುರುವಾಗುವುದು ಅಲ್ಲಿಂದ.

ನಮ್ಮ ದೇಶದಲ್ಲಿ ನಡೆದದ್ದು ಇನ್ನೂ ದೊಡ್ಡದು, ನಾವು ಅದನ್ನು ಮಕ್ಕಳ ಪಾಠಪುಸ್ತಕಕ್ಕೆ ಹಾಕದಿರುವುದು ನನಗೆ ನೋವು ತರುತ್ತದೆ. 1950ರ ದಶಕ, ಅಮೃತಸರದ ಮಾನಸಿಕ ಆಸ್ಪತ್ರೆ. ರೋಗಿಗಳು ತುಂಬಿ ತುಳುಕುತ್ತಿದ್ದರು, ನೋಡಿಕೊಳ್ಳುವ ಸಿಬ್ಬಂದಿ ಇರಲಿಲ್ಲ. ಸೂಪರಿಂಟೆಂಡೆಂಟ್ ಆಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ಮನೆಯವರು ರೋಗಿಯ ಜೊತೆಯಲ್ಲೇ ಇರಿ ಎಂದರು. ಆ ಹೊತ್ತಿಗೆ ಪಶ್ಚಿಮದ ಆಸ್ಪತ್ರೆಗಳು ತಾಯಂದಿರನ್ನು ಹೊರಗೆ ಕಳಿಸುತ್ತಿದ್ದವು ಎಂಬುದು ನೆನಪಿರಲಿ. ಡೇರೆಗಳ ನಡುವೆ ಮನೆಯವರನ್ನು ಕೂರಿಸಿಕೊಂಡು ಅವರು ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದರು. ಪಕ್ಕದ ಡೇರೆಯವನು ಗುಣವಾಗಿ ಗಂಟು ಕಟ್ಟಿಕೊಂಡು ಹೊರಟದ್ದನ್ನು ಕಣ್ಣಾರೆ ಕಂಡವರಿಗೆ ಬೇರೆ ಉಪದೇಶ ಬೇಕಿರಲಿಲ್ಲ. ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಯವರು ಅವರನ್ನು ಬಿಟ್ಟುಹೋಗದೆ ಕರೆದುಕೊಂಡು ಹೋದರು. 1950ರ ದಶಕದ ಕೊನೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರ, 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅದೇ ದಾರಿಯಲ್ಲಿ ಕುಟುಂಬವನ್ನು ಒಳಗೆ ಕರೆದುಕೊಂಡವು. 1990ರ ದಶಕದಲ್ಲಿ ಬೆಂಗಳೂರಿನ ಕುಟುಂಬದವರೇ ‘ಅಮೆಂಡ್’ ಎಂಬ ಸಂಘ ಕಟ್ಟಿಕೊಂಡರು.

ಕುಡಿತದ ಮನೆಗಳ ಕಥೆಯನ್ನೂ ಇಲ್ಲಿ ಸೇರಿಸಲೇಬೇಕು. ಆಲ್ಕೋಹಾಲಿಕ್ಸ್ ಅನಾನಿಮಸ್ ಕಟ್ಟಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಸಭೆಗಳಿಗೆ ಓಡಾಡುತ್ತಿದ್ದಾಗ, ಅವರ ಹೆಂಡತಿ ಲೋಯಿಸ್ ಒಂದು ದಿನ ಸಿಟ್ಟಿನಿಂದ ಚಪ್ಪಲಿ ಎಸೆದರಂತೆ. ಗಂಡ ಕುಡಿಯುತ್ತಿದ್ದಾಗ ತಾಳಿದವಳು, ಬಿಟ್ಟ ಮೇಲೆ ಯಾಕೆ ಸಿಡಿದೆ ಎಂದು ಆಮೇಲೆ ಕೂತು ಯೋಚಿಸಿದರು. ಗಂಡನಿಗೆ ಹೇಳಿಕೊಳ್ಳಲು ಒಂದು ಸಭೆಯಿತ್ತು, ತನಗಿರಲಿಲ್ಲ. ಗಂಡಂದಿರ ಸಭೆ ಮುಗಿಯುವವರೆಗೆ ಹೊರಗೆ ಕಾಯುತ್ತಿದ್ದ ಹೆಂಡತಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದರಿಂದ 1951ರಲ್ಲಿ ಅಲ್-ಅನಾನ್ ರೂಪುಗೊಂಡಿತು. ಈಗ ಬೆಂಗಳೂರಿನಲ್ಲೂ ಅದರ ಕೂಟಗಳು ನಡೆಯುತ್ತವೆ. ಅಲ್ಲಿ ಮೊದಲು ಕಲಿಯುವುದು, ಅವರ ಕುಡಿತಕ್ಕೆ ನಾನು ಕಾರಣಳಲ್ಲ, ಅದನ್ನು ಹಿಡಿದು ನಿಲ್ಲಿಸುವುದೂ ವಾಸಿ ಮಾಡುವುದೂ ನನ್ನ ಕೈಲಿಲ್ಲ ಎಂಬುದು. ‘ನೀನು ಸರಿಯಾಗಿದ್ದಿದ್ದರೆ ಅವನು ಯಾಕೆ ಕುಡೀತಿದ್ದ?’ ಎಂದು ಅತ್ತೆಮನೆಯಲ್ಲಿ ಕೇಳಿಸಿಕೊಂಡು ಬಂದ ಹೆಂಗಸಿಗೆ ಈ ಮಾತಿನ ಬೆಲೆ ಏನೆಂದು ನಾನು ವಿವರಿಸಬೇಕಿಲ್ಲ.

ಗುಂಪಿನಿಂದ ಬರುವುದು ಸಮಾಧಾನ ಮಾತ್ರವಲ್ಲ, ಕೆಲಸಕ್ಕೆ ಬರುವ ತಿಳಿವಳಿಕೆಯೂ ಹೌದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಪಟ್ಟಿಯಲ್ಲಿ ಸೇರಿಸಿದೆ, ಪ್ರಮಾಣಪತ್ರ ಪಡೆಯಬಹುದು ಎಂದು ದೊಡ್ಡಮ್ಮನಿಗೆ ಹೇಳಿದ್ದು ಗುಂಪಿನ ಒಬ್ಬ ಕಂಡಕ್ಟರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಣ್ಣನೇ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಹೆಸರಿಸಬಹುದು ಎಂಬುದೂ ಅಲ್ಲೇ ತಿಳಿಯಿತು. ಯಾವ ಮಾತ್ರೆಗೆ ರಕ್ತ ಪರೀಕ್ಷೆ ತಪ್ಪಿಸಬಾರದು, ಹಸಿವು ಹೆಚ್ಚಿಸುವ ಮಾತ್ರೆ ಇದ್ದಾಗ ಮನೆಯಲ್ಲಿ ಬೇಕರಿ ತಿಂಡಿ ಎಲ್ಲಿಡಬೇಕು, ಮಧ್ಯರಾತ್ರಿ ಏನಾದರೂ ಆದರೆ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ ಎಂಬುದು, ಎಲ್ಲ.

ಎಲ್ಲ ಗುಂಪೂ ಒಳ್ಳೆಯದಲ್ಲ. ಒಬ್ಬನೇ ಮಾತಾಡುವ ಗುಂಪು ಬೇಸರ ತರಿಸುತ್ತದೆ. ‘ನಮ್ಮವನು ಮಾತ್ರೆ ಬಿಟ್ಟ ಮೇಲೇ ಸರಿಯಾದ’ ಎಂದು ಯಾರಾದರೂ ಹೇಳಿದಾಗ ತಡೆಯುವವರಿಲ್ಲದ ಗುಂಪು ಅಪಾಯಕಾರಿ. ಕೇಳಿದ್ದನ್ನು ಹೊರಗೆ ಆಡುವವರಿದ್ದರೆ ಮುಗಿಯಿತು. ಅದಕ್ಕೇ ಚಿಕ್ಕ ಊರಿನವರು ತಮ್ಮೂರು ಬಿಟ್ಟು ಪಕ್ಕದ ತಾಲ್ಲೂಕಿನ ಗುಂಪಿಗೆ ಹೋಗುವುದುಂಟು, ಅದರಲ್ಲಿ ತಪ್ಪಿಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ಮೊದಲು ಬೇಕಾದ್ದು ಸುರಕ್ಷಿತ ಜಾಗ, ಗುಂಪು ಆಮೇಲೆ. ಇನ್ನು ಮೊಬೈಲಿನ ವಾಟ್ಸ್ಆ್ಯಪ್ ಗುಂಪುಗಳು ಔಷಧಿ ಎಲ್ಲಿ ಸಿಗುತ್ತದೆಂದು ತಿಳಿಯಲು ಸಾಕು. ಎದುರಿಗೆ ಕೂತವರು ಸುಮ್ಮನೆ ನೀರಿನ ಲೋಟ ಮುಂದೆ ಸರಿಸುವುದಿದೆಯಲ್ಲ, ಅದು ಅಲ್ಲಿ ಆಗುವುದಿಲ್ಲ.

ಆದರೆ ನಮ್ಮ ಹಳ್ಳಿಗಳಿಗೆ ದುಂಡಗೆ ಕೂತು ಮಾತಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಸ್ತ್ರೀಶಕ್ತಿ ಸಂಘಗಳು 2000-01ರಿಂದ ವಾರವಾರ ಚಾಪೆ ಹಾಸಿ, ಪುಸ್ತಕ ಬಿಚ್ಚಿ ಕೂರುತ್ತಿವೆ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಸೇರುತ್ತಾರೆ. ಮನೋಕಾಯಿಲೆಯ ಮನೆಯವರಿಗೆ ಮಾತ್ರ ಇಂಥ ಚಾಪೆ ಯಾಕಿಲ್ಲ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸಮಾಜ ಕಾರ್ಯಕರ್ತರ, ಮನಶ್ಶಾಸ್ತ್ರಜ್ಞರ, ನರ್ಸುಗಳ ಹುದ್ದೆಗಳಿವೆ. ಮಂಗಳವಾರ ಡಾಕ್ಟರು ಬರುವುದು ತಡವಾಗುತ್ತದೆ, ಸರದಿ ಬರುವುದು ಇನ್ನೂ ತಡ. ಕಾಯುವ ಆ ಹೊತ್ತಿನಲ್ಲಿ ಅಷ್ಟೂ ಮನೆಯವರು ಹೇಗೂ ಒಂದು ಕಡೆ ಕೂತಿರುತ್ತಾರೆ. ಮುಚ್ಚಿದ ಬಾಗಿಲಿನ ಒಂದು ಕೋಣೆ, ಗುಂಪು ನಡೆಸಲು ಕಲಿತ ಒಬ್ಬರು, ಒಳಗಿನದನ್ನು ಹೊರಗೆ ಆಡಬಾರದೆಂಬ ಒಂದು ಕಟ್ಟು, ಇಷ್ಟನ್ನು ಆರೋಗ್ಯ ಇಲಾಖೆ ಒದಗಿಸಲಿ ಎಂಬುದು ನನ್ನ ಬೇಡಿಕೆ. ಅಮೃತಸರದಲ್ಲಿ ಡೇರೆಯಲ್ಲಿ ಆದದ್ದು ನಮ್ಮ ತಾಲ್ಲೂಕು ಆಸ್ಪತ್ರೆಯ ಕಟ್ಟಡದಲ್ಲಿ ಆಗುವುದಿಲ್ಲ ಎಂದರೆ ನಾನು ಒಪ್ಪಲಾರೆ.

ದೊಡ್ಡಮ್ಮ ಏಳು ವರ್ಷ ಆ ಶನಿವಾರಗಳನ್ನು ತಪ್ಪಿಸಲಿಲ್ಲ. ಅಣ್ಣನ ಹೊದಿಕೆ ಎಳೆಯುವುದನ್ನು ಯಾವಾಗ ಬಿಟ್ಟರೋ ನನಗೆ ತಿಳಿಯದು. ಒಂದು ದಿನ ಹೋದಾಗ ಅವನು ಒಂಬತ್ತಕ್ಕೆ ತಾನಾಗಿ ಎದ್ದು ಹೂವಿನ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದ. ಗುಂಪಿನಲ್ಲಿ ಎಲ್ಲ ತಾಯಂದಿರೂ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಒಂದೇ: ನಮ್ಮ ನಂತರ ಏನು? ಅದಕ್ಕೆ ಆ ಕೋಣೆಯಲ್ಲಿ ಯಾರ ಬಳಿಯೂ ಪೂರ್ತಿ ಉತ್ತರ ಇರಲಿಲ್ಲ.

ದೊಡ್ಡಮ್ಮ ತೀರಿಕೊಂಡ ಹನ್ನೊಂದನೆಯ ದಿನದ ಕಾರ್ಯಕ್ಕೆ ಆ ಟವಲಿನ ತಾಯಿಯೂ ಕಂಡಕ್ಟರೂ ಬಂದಿದ್ದರು. ನೆಂಟರಲ್ಲಿ ಯಾರಿಗೂ ಅವರ ಪರಿಚಯವಿರಲಿಲ್ಲ. ಆ ತಾಯಿ ನೇರ ಒಳಗೆ ಹೋಗಿ, ಕಪಾಟಿನಿಂದ ಮಾತ್ರೆಯ ಡಬ್ಬಿ ತೆಗೆದು, ಏಳು ಖಾನೆಯನ್ನೂ ಒಂದೊಂದಾಗಿ ಬಿಚ್ಚಿ ನೋಡಿದರು. ಮೂರು ಖಾಲಿಯಾಗಿದ್ದವು, ನಾಲ್ಕು ತುಂಬಿದ್ದವು. ಅವತ್ತು ಬುಧವಾರ. ಲೆಕ್ಕ ಸರಿಯಾಗಿತ್ತು. ‘ಚೀಟಿ ಎಲ್ಲಿದೆ ಮಗಾ?’ ಎಂದು ಅಣ್ಣನನ್ನು ಕೇಳಿದರು. ಅವನು ಪ್ಲಾಸ್ಟಿಕ್ ಕವರು ತಂದುಕೊಟ್ಟ.